ಸುಲಭದ ಸವಾಲು

ನಮ್ಮ ಅತ್ತೆ ಹಾಡಿಕೆಗೆ ಹೋಗಿ ಬಂದರೆ ಬಾಗಿಲಲ್ಲೇ ಅವರನ್ನು ತಡೆದು ನಿಲ್ಲಿಸುವುದು ನನ್ನ ಮಗಳ ಕೆಲಸ. ಚಪ್ಪಲಿ ಬಿಡುವುದಕ್ಕೂ ಪುರಸೊತ್ತು ಕೊಡದೆ "ಆಯಿ, ಏನ್ ತಂದಿ?" ಅನ್ನುತ್ತಾಳೆ. ಅತ್ತೆ ಹೊಸ್ತಿಲಲ್ಲೇ ನಿಂತು ಸೆರಗಿನ ಗಂಟು ಬಿಚ್ಚುತ್ತಾರೆ. ಅದರಲ್ಲಿ ಒಮ್ಮೆ ಚುರುಮುರಿ, ಒಮ್ಮೆ ಬೆಂಡು ಬತ್ತಾಸು, ಏನೂ ಸಿಗದಿದ್ದರೆ ಆರತಿ ತಟ್ಟೆಯ ಕಲ್ಲುಸಕ್ಕರೆ. ವಿಜಾಪುರದ ಜಲನಗರದಲ್ಲಿರುವ ನಮ್ಮ ಮನೆಯ ಎದುರಿಗೇ ಅಂಗಡಿಯಿದೆ, ಅವಳು ಬೇಡಿದ್ದೆಲ್ಲ ಅಲ್ಲಿ ಸಿಗುತ್ತದೆ. ಆದರೂ ಆ ಗಂಟಿನಿಂದ ಬಂದದ್ದೇ ಆಗಬೇಕು. ಬೆವರು ಕುಡಿದ ಸೆರಗಿನಲ್ಲಿ ತಿನ್ನುವ ಪದಾರ್ಥ ಕಟ್ಟಿ ತರಬೇಡಿ ಎಂದು ನಾನು ಅತ್ತೆಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡೆ. ಕೇಳಬೇಕಲ್ಲ.

ಅತ್ತೆ ಗೀಗೀ ಪದದವರು. ದಪ್ಪು ಬಡಿಯುತ್ತ ಮುಂದೆ ನಿಂತು ಹಾಡುವುದು ಅವರು. ಹಿಂದೆ ನಿಂತು ತುಂತುಣಿ ಮೀಟುತ್ತ "ಗೀ ಗೀ" ಎಂದು ದನಿಗೂಡಿಸುವುದು ನಾನು. ನಾನೇನು ಹುಟ್ಟಾ ಹಾಡುಗಾರ್ತಿಯಲ್ಲ, ದವಾಖಾನೆಯೊಂದರ ಔಷಧಿ ಕೌಂಟರಿನಲ್ಲಿ ಕೂರುವವಳು. ಮೊದಲಿನ ಹಿಮ್ಮೇಳದಾಕೆಗೆ ಮೊಣಕಾಲು ನೋವು ಬಂದು ನಿಲ್ಲಲಾಗದೆ ಹೋದಾಗ ಅತ್ತೆ ನನ್ನ ಕಡೆ ತಿರುಗಿ, "ಅಡಗಿಮನ್ಯಾಗ ನನ್ನ ಮ್ಯಾಲ ಒದರತೀಯಲ್ಲ, ಅದ ಧ್ವನಿ ಸಾಕು, ಬಾ" ಅಂದರು. ಹೀಗೆ ನನ್ನ ಜಗಳಗಂಟಿತನಕ್ಕೆ ಒಂದು ದಾರಿಯಾಯಿತು.

ನಮ್ಮ ಕಡೆ ಈ ಹಾಡಿಕೆ ಒಬ್ಬರಿಂದ ಆಗುವ ಕೆಲಸವಲ್ಲ. ಎರಡು ಮೇಳ ಎದುರುಬದುರು ನಿಲ್ಲಬೇಕು. ಹರದೇಶಿಯವರು ಶಿವನೇ ದೊಡ್ಡವನು, ಗಂಡೇ ಮೇಲು ಎಂದು ವಾದಿಸಬೇಕು. ನಾಗೇಶಿಯವರು, ಅಂದರೆ ನಾವು, ಶಕ್ತಿಯೇ ದೊಡ್ಡವಳು, ಹೆಣ್ಣೇ ಮೇಲು ಎನ್ನಬೇಕು. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಬರುವತನಕ ಸವಾಲು ಹಾಕಿದವರು ಬೇರೇನೂ ಹಾಡುವಂತಿಲ್ಲ. ನಮ್ಮ ದಪ್ಪಿಗೆ ಕಲ್ಗಿ ಕಟ್ಟುತ್ತೇವೆ, ಅವರ ದಪ್ಪಿಗೆ ತುರಾಯಿ. ಎರಡೂ ಬಣ್ಣದ ಕುಚ್ಚುಗಳೇ. ಜವಾಬು ಕೊಡಲಾಗದವರು ತಮ್ಮ ಕುಚ್ಚು ಬಿಚ್ಚಿ ಎದುರಿನವರ ಉಡಿಗೆ ಹಾಕಬೇಕು. ಬಿಚ್ಚಿಕೊಟ್ಟವರು ಮತ್ತೆ ಆ ಮೇಳದ ಎದುರು ನಿಲ್ಲುವುದಿಲ್ಲ. ಜೋಡಿ ಅಲ್ಲಿಗೆ ಮುರಿಯಿತು.

ಅತ್ತೆಯ ಜೋಡಿ ಬಬಲೇಶ್ವರದ ಒಬ್ಬ ಕಾಕಾ. ಐದು ಹೊತ್ತು ನಮಾಜು ಮಾಡುವ ಮನುಷ್ಯ, ಮೊಹರಮ್ ಬಂದರೆ ಕರ್ಬಲಾದ ಪದ ಹಾಡಿ ಊರನ್ನೇ ಅಳಿಸುವವರು, ವರ್ಷದ ಉಳಿದ ದಿನಗಳಲ್ಲಿ ಪಾರ್ವತಿಗಿಂತ ಪರಮೇಶ್ವರನೇ ದೊಡ್ಡವನೆಂದು ನಮ್ಮ ಅತ್ತೆಯ ಜೊತೆ ಜಗಳಾಡುವವರು. ಹಾಡಿಕೆಯ ಅಟ್ಟದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಅನ್ನದ ಮಾತಿಲ್ಲ. ಅವರು ಅತ್ತೆಯನ್ನು ಸೊಟ್ಟ ಸೌಟು ಎಂದರೆ ಅತ್ತೆ ಅವರನ್ನು ತಳ ಹೋದ ಕೊಡ ಅನ್ನುತ್ತಿದ್ದರು. ಕೆಳಗಿಳಿದ ಕೂಡಲೇ "ತಂಗೀ, ಚಾ ಕುಡದಿ?" "ಯಣ್ಣಾ, ಬಿಪಿ ಗುಳಿಗಿ ತಗೊಂಡಿ?" ಶುರುವಾಗುತ್ತಿತ್ತು. ಗುಳಿಗೆ ನನ್ನ ಕೌಂಟರಿನಿಂದಲೇ ಹೋಗುತ್ತಿತ್ತು.

ಎಷ್ಟೋ ವರ್ಷ ಎದುರುಬದುರು ಹಾಡಿದರೂ ಇಬ್ಬರ ಕುಚ್ಚೂ ಬಿಚ್ಚಿರಲಿಲ್ಲ. ಅದಕ್ಕೆ ಕಾರಣ ಅವರೇ ಮಾಡಿಕೊಂಡಿದ್ದ ಒಂದು ರೂಢಿ. ಹಾಡಿಕೆ ಮುಗಿಯುತ್ತ ಬಂದಾಗ ಯಾರ ಕೈ ಮೇಲಾಗಿರುತ್ತದೋ ಅವರು ಕೊನೆಗೆ ಒಂದು ಸುಲಭದ ಸವಾಲು ಹಾಕುತ್ತಾರೆ. ಜವಾಬು ಎಲ್ಲರಿಗೂ ಗೊತ್ತಿರುವಂಥದು. ಎದುರಿನವರು ಠೀವಿಯಿಂದ ಜವಾಬು ಹಾಡುತ್ತಾರೆ, ಮಂದಿ ಸಿಳ್ಳೆ ಹೊಡೆಯುತ್ತಾರೆ, ಎರಡೂ ಮೇಳ ಕೂಡಿ ಮಂಗಳ ಹಾಡಿ ಮುಗಿಸುತ್ತವೆ. ಇದು ಮೋಸ ಅಲ್ಲವೇ ಎಂದು ನಾನು ಮೊದಮೊದಲು ಕೇಳಿದ್ದೆ. ಅತ್ತೆ ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದರು.

"ಸೋತಾವನೂ ಮನಿಗಿ ಹೋಗಿ ನಿದ್ದಿ ಮಾಡಬೇಕಲ್ಲಬೇ."

ಕಳೆದ ವರ್ಷದ ಬೇಸಿಗೆಯಲ್ಲಿ ಗಡಿಯಲ್ಲಿ ಹೊಡೆದಾಟ ಶುರುವಾಯಿತು. ಮನೆಯಲ್ಲಿ ಟಿವಿ ಆರುತ್ತಿರಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಮನೆಯವರು ಊಟಕ್ಕೆ ಬಂದರೆ ತಟ್ಟೆ ನೋಡದೆ ಪರದೆ ನೋಡುತ್ತ ಉಣ್ಣುತ್ತಿದ್ದರು. ಕೌಂಟರಿಗೆ ಬಂದವರು ಕೆಮ್ಮಿನ ಔಷಧಿ ಕೇಳುವ ಮೊದಲು ಎಷ್ಟು ವಿಮಾನ ಬಿದ್ದವು ಎಂದು ಕೇಳುತ್ತಿದ್ದರು, ನಾನೇ ಎಣಿಸಿ ಬಂದವಳ ಹಾಗೆ. ಅತ್ತೆ ಮಾತ್ರ ಟಿವಿಗೆ ಬೆನ್ನು ಹಾಕಿ ಕೂತು ಮೊಬೈಲಿನಲ್ಲಿ ಬಬಲೇಶ್ವರಕ್ಕೆ ಮಾತಾಡುತ್ತಿದ್ದರು. ಕಾಕಾನ ಸಣ್ಣ ಮಗ ಫೌಜಿನಲ್ಲಿದ್ದ. ಫೌಜಿಗೆ ಸೇರುವ ಮೊದಲು ಅವನೇ ಅಪ್ಪನ ಹಿಂದೆ ತಾಳ ಹಾಕುತ್ತಿದ್ದವನು. ಗಡಿಯ ಹತ್ತಿರವೇ ಇದ್ದ ಅವನಿಂದ ಆ ವಾರ ಫೋನ್ ಬಂದಿರಲಿಲ್ಲ.

ಅದೇ ಹೊತ್ತಿಗೆ ತಿಕೋಟಾದಿಂದ ಕೆಲವು ಹುಡುಗರು ಬಂದರು. ಸೈನಿಕರ ಗೌರವಕ್ಕೆ ಹಾಡಿಕೆ ಇಟ್ಟಿದ್ದಾರೆ, ರಾತ್ರಿ ಸಭೆ ಬೇಡವೆಂದು ಯಾರೋ ಹೇಳಿದ್ದಕ್ಕೆ ಹಗಲಲ್ಲೇ ಮಾಡುತ್ತಾರೆ, ಈ ಸಲ ಶಿವ-ಶಕ್ತಿ ಬೇಡ, ಕಾಕಾ ಯುದ್ಧದ ಕಡೆ, ಅತ್ತೆ ಶಾಂತಿಯ ಕಡೆ. ಮುಂದಾಳು ಗಂಟಲು ಸರಿಪಡಿಸಿಕೊಂಡು ಮುಖ್ಯ ಮಾತಿಗೆ ಬಂದ.

"ಕಡೀಕ ನೀವು ಸೋಲಬೇಕ್ರಿ ಯವ್ವಾ. ಟೈಮ್ ಹಂಗೈತಿ."

ನನಗೆ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಕ್ಕು, "ಅದಕ್ಯಾಕ ಇಷ್ಟ ಹೆದರ್ತೀರಿ? ಆತ ಬಿಡ್ರಿ" ಅಂದರು. ಅವರಿಗೆ ಅದು ದೊಡ್ಡ ಮಾತಾಗಿ ಕಾಣಲೇ ಇಲ್ಲ. ಕೊನೆಗೆ ಸುಲಭದ ಸವಾಲು ಹಾಕುವುದು ಹೇಗೂ ಇದ್ದದ್ದೇ. ಹುಡುಗರು ಚಹಾ ಕುಡಿದು, ನನ್ನ ಮಗಳ ಗಲ್ಲ ಹಿಂಡಿ ಹೋದರು.

ತಿಕೋಟಾದಲ್ಲಿ ಅವತ್ತು ಕೆಂಡದಂಥ ಬಿಸಿಲು. ಶಾಮಿಯಾನದ ಕೆಳಗೆ ಜನ ಒತ್ತಿಕೊಂಡು ಕೂತಿದ್ದರು. ಕಾಕಾ ಎಂದಿಗಿಂತ ತಡವಾಗಿ ಬಂದರು, ಕಣ್ಣು ಕೆಂಪಗಿದ್ದವು. ಅತ್ತೆ ಹತ್ತಿರ ಹೋಗಿ "ಫೋನ್ ಬಂತೇನ ಯಣ್ಣಾ?" ಎಂದು ಕೇಳಿದರು. ಅವರು ಇಲ್ಲವೆಂದು ತಲೆಯಾಡಿಸಿದರು. "ಹಾಡಿಕಿ ಬ್ಯಾಡ ಅಂತ ಹೇಳೂಣೇನ?" ಎಂದದ್ದಕ್ಕೆ, "ಮನ್ಯಾಗ ಕುಂತ್ರ ಹುಚ್ಚ ಹಿಡಿತೈತಿ, ನಡಿ" ಎಂದು ದಪ್ಪು ಕೈಗೆತ್ತಿಕೊಂಡರು.

ಹಾಡಿಕೆ ಚೆನ್ನಾಗಿಯೇ ನಡೆಯಿತು. ಕಾಕಾ ಭೀಮ, ಅರ್ಜುನರನ್ನೆಲ್ಲ ಕರೆತಂದು ನಿಲ್ಲಿಸಿದರು. ಅತ್ತೆ ಆ ವೀರರ ಮನೆಗಳಿಗೇ ಹೋದರು: ಯಾರ ಒಲೆ ಉರಿಯಲಿಲ್ಲ, ಯಾರ ಬಳೆ ಒಡೆದವು, ನೂರು ಮಕ್ಕಳನ್ನು ಹೆತ್ತವಳು ಹೆಸರು ಹಿಡಿದು ಅಳಲು ಯಾರಿಂದ ಶುರುಮಾಡಬೇಕು. ಹೆಂಗಸರ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಬರತೊಡಗಿತು. ನಡುವೆ ದಪ್ಪು ನಿಲ್ಲಿಸಿ ಅತ್ತೆ ಎರಡು ಮಾತನ್ನೂ ಆಡಿದರು. "ನಾವಿಬ್ರೂ ಇಷ್ಟ ವರ್ಷ ಜಗಳಾಡೇವಿ, ಒಬ್ಬರದೂ ಕುಚ್ಚ ಬಿಚ್ಚಿಲ್ಲ. ದೊಡ್ಡ ದೊಡ್ಡ ದೇಶಗಳಿಗೆ ಇಷ್ಟ ತಿಳೀಬಾರದೇನ್ರಿ? ಎದುರಿನಾವಗ ಒಂದ ಸುಲಭ ಸವಾಲ ಹಾಕ್ರಿ, ಅಂವಾ ಮರ್ಯಾದಿಲೆ ಮನಿಗಿ ಹೋಗ್ಲಿ. ನೀವೂ ಹೋಗ್ರಿ." ಮುದುಕರು ತಲೆದೂಗಿದರು. ಮುಂದಿನ ಸಾಲಿನ ಹುಡುಗರು ಮೊಬೈಲ್ ಎತ್ತಿ ಹಿಡಿದಿದ್ದರು.

ಸಂಜೆಯ ಹೊತ್ತಿಗೆ ಅತ್ತೆಯ ಕೈ ಮೇಲಾಗಿತ್ತು. ಮುಂದಾಳು ಅಟ್ಟದ ಪಕ್ಕದಿಂದ ಸನ್ನೆ ಮಾಡತೊಡಗಿದ. ಅತ್ತೆ ನನ್ನ ಕಡೆ ಅರ್ಧ ತಿರುಗಿ ಕಣ್ಣು ಮಿಟುಕಿಸಿದರು. ಇನ್ನು ಸುಲಭದ್ದು ಬರುತ್ತದೆ, ಮಂಗಳ ಹಾಡಿ ಬಸ್ಸು ಹಿಡಿಯಬಹುದು ಎಂದು ನನಗೆ ಹಾಯೆನಿಸಿತು. ಅತ್ತೆ ದಪ್ಪಿಗೆ ಬೆರಳು ತಾಗಿಸಿ ಎತ್ತಿದರು:

"ಯುದ್ಧ ಗೆದ್ದು ಬಂದಾನ ಅಪ್ಪ, ನಿಂತಾನ ಹೊಸ್ತಿಲದಾಗ
ಏನ ತಂದೆಪ್ಪಾ ಅಂತಾಳ ಮಗಳು, ಏನೈತಿ ಅವನ ಕೈಯಾಗ?"

ಅತ್ತೆ ನನ್ನ ಮಗಳ ಮಾತನ್ನೇ ಎತ್ತಿಕೊಂಡಿದ್ದಾರೆಂದು ತಿಳಿದು ನನಗೆ ನಗು ಬಂತು. ಇದಕ್ಕೆ ಜವಾಬು ಏನು ಕಷ್ಟ? ಮಾನ ತಂದಾನ, ಕೀರ್ತಿ ತಂದಾನ, ಊರಿಗೆ ಹೆಸರು ತಂದಾನ. ಔಷಧಿ ಮಾರುವ ನಾನೂ ನಿಂತಲ್ಲೇ ಹಾಡಬಲ್ಲೆ. ಕಾಕಾ ಹೆಜ್ಜೆ ಮುಂದಿಟ್ಟರು, ದಪ್ಪಿಗೆ ಒಂದು ಪೆಟ್ಟು ಹಾಕಿದರು, ಬಾಯಿ ತೆರೆದರು. ಅಷ್ಟೇ. ದನಿ ಬರಲಿಲ್ಲ. ಅವರ ಹಿಮ್ಮೇಳದವರು ಮತ್ತೊಮ್ಮೆ ತಾಳ ಹಾಕಿ ದಾರಿ ಮಾಡಿಕೊಟ್ಟರು. ಕಾಕಾ ಎದುರಿಗೆ ನೋಡುತ್ತಲೇ ನಿಂತರು. ಅತ್ತೆ ತುಟಿ ಅಲುಗಿಸದೆ "ಮಾನ ಅನ್ನೋ ಯಣ್ಣಾ, ಮಾನ" ಎಂದು ಹೇಳಿಕೊಟ್ಟದ್ದು ನನಗೆ ಕೇಳಿಸಿತು. ಕಾಕಾ ದಪ್ಪು ಕೆಳಗಿಳಿಸಿದರು.

ಮೊದಲು ಗುಸುಗುಸು, ಆಮೇಲೆ ಗದ್ದಲ. ಯುದ್ಧದ ಕಡೆಯವನು ಯಾಕೆ ಸುಮ್ಮನಾದ ಎಂದು ಯಾರೋ ಕೂಗಿದರು. ಕಾಕಾನ ತಲೆಯ ಮೇಲಿನ ಟೋಪಿಯೊಂದನ್ನೇ ನೋಡಿದ ಇನ್ನೊಬ್ಬ, ನಾನು ಇಲ್ಲಿ ಬರೆಯಲಾಗದ ಮಾತಿನಲ್ಲಿ ಕಾರಣ ಹೇಳಿದ. ಅತ್ತೆ ಮೈಕಿಗೆ ಬಾಯಿ ಹಚ್ಚಿ "ಇವರ ಮಗಾ ಗಡಿ ಮ್ಯಾಲ ಅದಾನ್ರೋ!" ಎಂದು ಚೀರಿದರು. ಅಷ್ಟರಲ್ಲಿ ಯಾರೋ ಮೈಕಿನ ವಾಯರ್ ಕಿತ್ತಿದ್ದರು. ಅವರ ದನಿ ಮೊದಲ ಸಾಲನ್ನೂ ದಾಟಲಿಲ್ಲ. ಕುರ್ಚಿಗಳು ಉರುಳಿದವು. ಹಿರಿಯರು ನಡುವೆ ಬಂದು ಕಾಕಾನನ್ನೂ ನಮ್ಮನ್ನೂ ಹಿಂದಿನಿಂದ ಇಳಿಸಿ ಒಂದೇ ಗಾಡಿ ಹತ್ತಿಸಿದರು. ಮಂಗಳ ಹಾಡದೆ ಅಟ್ಟ ಇಳಿದದ್ದು ಅತ್ತೆಯ ಬಾಳಿನಲ್ಲಿ ಅದೇ ಮೊದಲು. ದಾರಿಯಲ್ಲಿ ನಾನು ಕಾಕಾನಿಗೆ, ಮಗ ಫೌಜಿನಲ್ಲಿದ್ದಾನೆಂದು ನೀವೇ ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ಮಗನ್ನ ಮುಂದ ಹಿಡಕೊಂಡು ನಾ ಜೀವಾ ಉಳಿಸ್ಕೋಬೇಕೇನವಾ?" ಅಂದರು.

ಮರುದಿನದಿಂದ ಅತ್ತೆ ಎಲ್ಲರ ಮೊಬೈಲಿನಲ್ಲೂ ಇದ್ದರು. "ಎದುರಿನಾವಗ ಸುಲಭ ಸವಾಲ ಹಾಕ್ರಿ, ಅಂವಾ ಮರ್ಯಾದಿಲೆ ಮನಿಗಿ ಹೋಗ್ಲಿ" ಎಂಬಷ್ಟನ್ನೇ ಕತ್ತರಿಸಿ, ಕೆಳಗೆ ಕೆಟ್ಟ ಕೆಟ್ಟ ಬರಹ ಸೇರಿಸಿ ಬಿಟ್ಟಿದ್ದರು. ಕೌಂಟರಿನಲ್ಲಿ ಒಬ್ಬ ಹೆಂಗಸು ನನ್ನ ಕೈಯಿಂದ ಗುಳಿಗೆ ತೆಗೆದುಕೊಳ್ಳದೆ ಪಕ್ಕದವಳ ಕೈಯಿಂದ ತೆಗೆದುಕೊಂಡಳು. ನಮ್ಮ ಮನೆಯವರು ಅಂಗಡಿಯಿಂದ ಬೇಗ ಬಂದು, "ಅವ್ವಾ, ಸ್ವಲ್ಪ ದಿವಸ ಹೊರಗ ಹೋಗಬ್ಯಾಡ" ಅಂದರು. ಹಾಡಿಕೆಗೆ ಮುಂಗಡವಾಗಿ ಹೇಳಿದ್ದ ಊರುಗಳವರು ಒಬ್ಬೊಬ್ಬರಾಗಿ ಫೋನ್ ಮಾಡಿ ಬೇಡವೆಂದರು. ಕೆಲವೇ ದಿನಗಳಲ್ಲಿ ಹೊಡೆದಾಟ ನಿಂತಿತು. ಫೋನುಗಳೂ ನಿಂತವು.

ಮಳೆಗಾಲದಲ್ಲಿ ಗೋಳಗುಮ್ಮಟದ ಹತ್ತಿರ ಶಾಂತಿ ಸಭೆ ಮಾಡುವ ಕೆಲವರು ಅತ್ತೆಯನ್ನು ಹುಡುಕಿಕೊಂಡು ಬಂದರು. ಒಳ್ಳೆಯ ಜನ, ಜಗುಲಿಯ ಮೇಲೆ ಕೂತು ಅತ್ತೆಯ ಧೈರ್ಯವನ್ನು ಹೊಗಳಿದರು, ಒಂದು ಪದ ಹಾಡಿ ಸಾಕು ಅಂದರು. ಅತ್ತೆ ಒಪ್ಪಲಿಲ್ಲ.

"ಸವಾಲ್ ಬಾಕಿ ಐತ್ರೀ. ನಮ್ಮಣ್ಣ ಜವಾಬ್ ಕೊಟ್ಟಿಲ್ಲ. ಹೆಂಗ ಹಾಡ್ಲಿ?"

ಅವರಿಗೆ ಅರ್ಥವಾಗಲಿಲ್ಲ. ನಾನೇ ಸಿಟ್ಟಿಗೆದ್ದು, ಅವರು ಹೋದಮೇಲೆ ಅತ್ತೆಯನ್ನು ತರಾಟೆಗೆ ತೆಗೆದುಕೊಂಡೆ. ಊರೆಲ್ಲ ಬೈಯುವಾಗ ಹೊಗಳುವವರು ಬಂದಿದ್ದರು, ಅವರನ್ನೂ ಕಳಿಸಿಬಿಟ್ಟಿರಿ, ಎಲ್ಲಿಯ ಕುಚ್ಚು, ಎಲ್ಲಿಯ ಸವಾಲು ಎಂದೆಲ್ಲ ಅಂದೆ. ಅತ್ತೆ ಎದುರು ಮಾತಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ನಮ್ಮ ಮನೆಯಲ್ಲಿ ಜಗಳಕ್ಕೆ ಜವಾಬು ಬರದೆ ಇದ್ದದ್ದೇ ಇಲ್ಲ.

ದಪ್ಪು ಅಡುಗೆಮನೆಯ ಗೋಡೆಗೆ ನೇತಾಡುತ್ತಿತ್ತು. ಥಂಡಿ ಹವೆಗೆ ಅದರ ಚರ್ಮ ಸಡಿಲಾಗುತ್ತದೆಂದು ಅತ್ತೆ ಆಗೀಗ ಒಲೆಯ ಮುಂದೆ ಹಿಡಿದು ಕಾಯಿಸುತ್ತಿದ್ದರು, ಬೆರಳಿನಿಂದ ಒಮ್ಮೆ ತಟ್ಟಿ ನೋಡಿ ಮತ್ತೆ ನೇತುಹಾಕುತ್ತಿದ್ದರು. ಕಾಕಾನಿಗೆ ಫೋನ್ ಮಾಡಿದರೆ ಅವರು ಮಾತು ಮುಗಿಸುವ ಅವಸರದಲ್ಲಿರುತ್ತಿದ್ದರು. ಮಗ ಬದುಕಿದ್ದಾನೆ, ಆಸ್ಪತ್ರೆಯಲ್ಲಿದ್ದಾನೆ ಎಂದಷ್ಟೇ ತಿಳಿದಿತ್ತು. ದಸರಾ ಮುಗಿದಮೇಲೆ ಅವನು ಮನೆಗೆ ಬಂದ ಸುದ್ದಿ ಬಂತು. ಅತ್ತೆ ಅವತ್ತು ಬೆಳಿಗ್ಗೆಯೇ ಎದ್ದು ಶೇಂಗಾ ಹೋಳಿಗೆ ಮಾಡಿದರು, ದಪ್ಪು ಒರೆಸಿದರು, ಕಲ್ಗಿ ಬಿಗಿಯಾಗಿ ಕಟ್ಟಿದರು. ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಕಳೆ ಬಂದಿತ್ತು.

"ಮಗಾ ಬಂದಾನ, ಇನ್ನ ನಮ್ಮಣ್ಣನ ಬಾಯಿ ಬಿಚ್ಚತೈತಿ. ಜವಾಬ್ ತಗೊಂಡು, ಅಲ್ಲೇ ಮಂಗಳ ಹಾಡಿ ಬರೋಣು. ತುಂತುಣಿ ತಗೋ."

ಬಬಲೇಶ್ವರದ ಆ ಮನೆಯಲ್ಲಿ ಮಗ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ. ಕೈಕಾಲು ನೆಟ್ಟಗಿದ್ದವು, ಮೈಯಲ್ಲಿ ಗಾಯ ಕಾಣಲಿಲ್ಲ. ನಮ್ಮನ್ನು ಕಂಡು ಎದ್ದು ಬಂದು ಅತ್ತೆಯ ಕಾಲು ಮುಟ್ಟಿದ. "ಅವ್ವಾ, ಆರಾಮ ಅದಿಯೇನ?" ಎಂದು ಎಷ್ಟು ಗಟ್ಟಿಯಾಗಿ ಕೇಳಿದನೆಂದರೆ ನಾನು ಬೆಚ್ಚಿಬಿದ್ದೆ. ಅತ್ತೆ ಹರುಷದಿಂದ ಏನೇನೋ ಕೇಳುತ್ತ ಹೋದರು. ಅವನು ನಗುತ್ತ ಅವರ ತುಟಿಯನ್ನೇ ನೋಡುತ್ತಿದ್ದ, ಒಂದಕ್ಕೂ ಜವಾಬು ಕೊಡಲಿಲ್ಲ. ಒಳಗಿನಿಂದ ಕಾಕಾ ಬಂದರು. ಹತ್ತಿರದಲ್ಲೇ ಶೆಲ್ ಬಿದ್ದಿತ್ತು, ಎರಡೂ ಕಿವಿ ಹೋಗಿವೆ, ಮಷಿನ್ ಹಾಕಿದರೂ ಪ್ರಯೋಜನವಿಲ್ಲ ಅಂದಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಗೋಡೆಗೆ ಒರಗಿ ಕೂತರು. ತಾಳ ಹಾಕುತ್ತಿದ್ದ ಹುಡುಗ. ಅಪ್ಪ ಒಂದು ಅಕ್ಷರ ಎಳೆದರೂ ಹಿಂದಿನಿಂದ ಕೆಮ್ಮಿ ಎಚ್ಚರಿಸುತ್ತಿದ್ದವನು.

ಹೋಳಿಗೆಯ ಡಬ್ಬಿ ನನ್ನ ತೊಡೆಯ ಮೇಲೇ ಇತ್ತು. ಅತ್ತೆ ಮೆಲ್ಲಗೆ ಕೇಳಿದರು, "ಅವತ್ತ ಜವಾಬ್ ಗೊತ್ತಿರಲಿಲ್ಲೇನ ಯಣ್ಣಾ?"

"ಗೊತ್ತಿತ್ತು ತಂಗಿ. ನೀ ನನಗ ಸುಲಭದ್ದ ಕೊಟ್ಟಿದ್ದಿ, ಅದೂ ಗೊತ್ತಿತ್ತು. ಮಾನ ತಂದಾನ ಅಂದ್ರ ಮುಗೀತಿತ್ತು, ಬಾಯಿತನಾ ಬಂದಿತ್ತು. ಆದ್ರ ಹೊಸ್ತಿಲದಾಗ ಇಂವಾ ನಿಂತಂಗ ಕಂಡ. ಕೈಯಾಗ ಏನ ಹಿಡಕೊಂಡ ಬಂದಾನೋ, ನೋಡೂ ಧೈರ್ಯ ಆಗಲಿಲ್ಲ."

"ಈಗ ಹಾಡು. ಸುಳ್ಳಾದ್ರೂ ಹಾಡಿಬಿಡು. ಒಂದ ನುಡಿ ಸಾಕು, ಮಂಗಳ ಹಾಡಿ ಮುಗಸೂಣು. ಮುಂದಿನ ವರ್ಷ ಮತ್ತ ಶಿವಾ, ಪಾರ್ವತಿ ಅಂತ ಜಗಳಾಡೂಣು."

"ಇಂವಾ ಎದುರಿಗಿ ಕುಂತಾನ."

"ಅವಗ ಕೇಳ್ಸಂಗಿಲ್ಲಲ್ಲೋ ಯಣ್ಣಾ." ಅಂದುಬಿಟ್ಟ ಮೇಲೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

"ಅವಗ ಕೇಳ್ಸಂಗಿಲ್ಲ ಅಂತ ಸುಳ್ಳ ಹಾಡ್ಲೇನ ತಂಗಿ?"

ಕಾಕಾ ಎದ್ದು ಗೂಟದಿಂದ ದಪ್ಪು ಇಳಿಸಿದರು. ತುರಾಯಿಯ ಗಂಟು ಹಳೆಯದು, ಬೆರಳಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಡಿಸಿದರು. ಅತ್ತೆ "ಬ್ಯಾಡೋ, ಬ್ಯಾಡೋ ಯಣ್ಣಾ, ನಾ ಸೋಲಾಕಂತ ಕೇಳಿದ್ದೋ" ಎನ್ನುತ್ತ ಕೈ ಅಡ್ಡ ಮಾಡಿದರು. ಕಾಕಾ ಆ ಕೈಗಳನ್ನು ಮೆಲ್ಲಗೆ ಸರಿಸಿ ಕುಚ್ಚನ್ನು ಅತ್ತೆಯ ಉಡಿಗೆ ಹಾಕಿದರು. ಅಲ್ಲಿಗೆ ಜೋಡಿ ಮುರಿಯಿತು. ತುಂತುಣಿ ನನ್ನ ಚೀಲದಲ್ಲೇ ಉಳಿಯಿತು.

ಕುರ್ಚಿಯಲ್ಲಿದ್ದ ಮಗ ಇದನ್ನೆಲ್ಲ ನೋಡುತ್ತಿದ್ದ. ಮೇಳದಲ್ಲೇ ಬೆಳೆದವನು, ಉಡಿಯಲ್ಲಿ ತುರಾಯಿ ಬಿದ್ದದ್ದರ ಅರ್ಥ ಅವನಿಗೆ ಹೇಳಿಕೊಡಬೇಕಿರಲಿಲ್ಲ. ತಮಾಷೆ ನಡೆದಿದೆ ಎಂದುಕೊಂಡನೋ, ಅಥವಾ ನಮ್ಮನ್ನು ನಗಿಸಬೇಕೆನಿಸಿತೋ, ಎರಡೂ ಕೈ ಮೇಲೆತ್ತಿ ಮನೆ ಅದುರುವಂತೆ ಕೂಗಿದ.

"ಗೆದ್ದೆಲ್ಲಬೇ ಯವ್ವಾ! ಕಡೀಗೂ ಗೆದ್ದೆಲ್ಲ!"

ಚಪ್ಪಾಳೆಯನ್ನೂ ತಟ್ಟಿದ. ತಾಳ ತಪ್ಪಿರಲಿಲ್ಲ. ನನಗೆ ತಡೆಯಲಾಗದೆ ಹಿತ್ತಿಲಿಗೆ ಹೋಗಿ ನಿಂತು ಅತ್ತುಬಿಟ್ಟೆ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ತುರಾಯಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಮುಷ್ಟಿಯಲ್ಲಿ ಹಿಡಿದಿದ್ದರು. ನಾನು ಏನಾದರೂ ಅನ್ನಬೇಕೆಂದು, ನೀವೇನು ಮಾಡುತ್ತೀರಿ ಅತ್ತೆ, ಎಲ್ಲರ ಕೈ ಮೀರಿದ್ದು ಎಂದೆ. ವಿಜಾಪುರ ಬಂದಾಗ ನಾನೇ ಭುಜ ಹಿಡಿದು ಎಬ್ಬಿಸಿದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಆಟೋ ನಿಂತ ಸದ್ದಿಗೇ ಮಗಳು ಓಡಿಬಂದಳು. ಅತ್ತೆ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಅವಳ ಕಣ್ಣು ನೇರವಾಗಿ ಸೆರಗಿನ ಗಂಟಿಗೆ ಹೋಯಿತು. ಅವಳು ತಿಂಗಳುಗಟ್ಟಲೆ ಕಾದಿದ್ದ ಗಂಟು ಅದು.

"ಆಯಿ, ಏನ್ ತಂದಿ?"

ಅತ್ತೆ ಹೊಸ್ತಿಲಲ್ಲಿ ನಿಂತರು. ಬಾಯಿ ತೆರೆದರು. ದನಿ ಬರಲಿಲ್ಲ.